ಬಾಟಲಿಯ ಲೆಕ್ಕ, ಚೀಲದ ಲೆಕ್ಕ

ಪ್ರಶ್ನೆ: ನನ್ನ ತಾಯಿಗೆ 64 ವರ್ಷ, ತೂಕ 60 ಕೆಜಿ. ಕರುಳಿನ ಗಂಟು ತೆಗೆಯುವ ದೊಡ್ಡ ಆಪರೇಷನ್ ಆಯಿತು. ಅಂದು ರಾತ್ರಿ ಚೀಲದಲ್ಲಿ ಮೂತ್ರ ತೀರಾ ಕಡಿಮೆ ಇತ್ತು. ಇನ್ನೊಂದು ಗ್ಲೂಕೋಸ್ ಬಾಟಲಿ ಹಾಕಿ ಎಂದು ಕೇಳಿಕೊಂಡರೂ ವೈದ್ಯರು ಒಪ್ಪಲಿಲ್ಲ. ಮರುದಿನ ನೋಡಿದರೆ ಮುಖ, ಕಾಲು ಊದಿಕೊಂಡಿದ್ದವು. ಮೈಯಲ್ಲಿ ನೀರು ಕಡಿಮೆಯಾಗಿತ್ತೋ, ಹೆಚ್ಚಾಗಿತ್ತೋ? ಈಗ ಮನೆಗೆ ಬಂದಿದ್ದಾರೆ.
– ಓದುಗರೊಬ್ಬರು, ತರೀಕೆರೆ

ಉತ್ತರ: ಎರಡೂ ಒಟ್ಟಿಗೇ ಆಗಿರಬಹುದು. ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಹಾಕಿದ ಸಲೈನಿನ ಬಹುಪಾಲು ನಾಳದೊಳಗೆ ನಿಲ್ಲದೆ ಹೊರಗಿನ ಅಂಗಾಂಶಕ್ಕೆ ಇಳಿಯುತ್ತದೆ. ಹೀಗೆ ಕಾಲು ಊದಿದ್ದರೂ ರಕ್ತನಾಳದಲ್ಲಿ ನೀರು ಸಾಲದೇ ಇರಬಹುದು.

ಇನ್ನು ಮೂತ್ರದ ಮಾತು. ಕೆಜಿ ತೂಕಕ್ಕೆ ಗಂಟೆಗೆ ಅರ್ಧ ಎಂಎಲ್, ಅಂದರೆ ನಿಮ್ಮ ತಾಯಿಗೆ 30 ಎಂಎಲ್, ಎಂಬುದು ನಾವು ವಾರ್ಡಿನಲ್ಲಿ ಹಿಡಿದುಕೊಂಡಿರುವ ಅಳತೆ. ಆದರೆ ನೋವು, ಗಾಯಗಳಿಗೆ ಹೆದರಿದ ಶರೀರ ನೀರನ್ನು ಹಿಡಿದಿಡುವ ಹಾರ್ಮೋನನ್ನು ಸುರಿಸುತ್ತದೆ. ಹಾಗಾಗಿ ಮೊದಲ ರಾತ್ರಿ ಮೂತ್ರ ಇಳಿದ ಮಾತ್ರಕ್ಕೆ ಬಾಟಲಿ ಏರಿಸುವುದು ಜಾಣತನವಲ್ಲ. ನಾಡಿ, ರಕ್ತದೊತ್ತಡ, ಕೈಕಾಲಿನ ಬಿಸಿ, ರಕ್ತಪರೀಕ್ಷೆ ಎಲ್ಲವನ್ನೂ ಸೇರಿಸಿ ನೋಡಬೇಕು. ಒಳಗೆ ರಕ್ತ ಸೋರುತ್ತಿದ್ದರೂ ಮೂತ್ರ ಇಳಿಯುತ್ತದೆ. ಆಗ ಕಾಯುತ್ತ ಕೂರುವಂತಿಲ್ಲ.

ಗ್ಲೂಕೋಸ್ ಬಾಟಲಿಯ ಮೇಲೆ ನಮ್ಮ ಜನಕ್ಕಿರುವ ಭಕ್ತಿ ನನಗೆ ಇಂದಿಗೂ ಬಗೆಹರಿಯದ ವಿಷಯ. ಶೇಕಡಾ 5ರ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಸುಮಾರು 100 ಕ್ಯಾಲೊರಿ. ಆ ಸಕ್ಕರೆ ಖರ್ಚಾದ ಮೇಲೆ ಉಳಿಯುವುದು ಬರೀ ನೀರು. ಅದು ಅತಿಯಾದರೆ ರಕ್ತದ ಸೋಡಿಯಂ ಕುಸಿದು ರೋಗಿ ತೊದಲಬಹುದು, ಫಿಟ್ಸ್ ಬರಬಹುದು. ಹಾಗಾದರೆ ಉಪ್ಪಿನ ಸಲೈನ್ ಎಷ್ಟಾದರೂ ಆದೀತೇ ಎಂದರೆ, ಅದರ ಅರ್ಧ ಲೀಟರಿನಲ್ಲಿ 4.5 ಗ್ರಾಂ ಉಪ್ಪಿದೆ. ನಾಲ್ಕು ಬಾಟಲಿಗೆ 18 ಗ್ರಾಂ! ಊಟದಲ್ಲಿ ದಿನಕ್ಕೆ 5 ಗ್ರಾಂ ದಾಟಬೇಡಿ ಎಂದು ಹೇಳುವವರೂ ನಾವೇ. ಹೆಚ್ಚಾದ ನೀರು ಶ್ವಾಸಕೋಶಕ್ಕೆ ಇಳಿದರೆ ಉಸಿರಾಟಕ್ಕೆ ಕಷ್ಟ. ಹೊಲಿದ ಕರುಳು ಊದಿಕೊಂಡರೆ ಮಾಯುವುದು ತಡ.

ಹಾಗೆಂದು ಜಿಪುಣತನವೂ ಸಲ್ಲದು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ ಸುಮಾರು 3,000 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದ್ರವವನ್ನು ಬಿಗಿಹಿಡಿದವರ ಪೈಕಿ ಶೇ 8.6ರಷ್ಟು ಜನರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಧಾರಾಳವಾಗಿ ಕೊಟ್ಟವರಲ್ಲಿ ಅದು ಶೇ 5.

ನಿಮ್ಮಂಥ ಮನೆಯವರಿಂದ ನನಗೆ ಬೇಕಾಗಿರುವುದು ಒಂದೇ: ಒಳಹೋದದ್ದು, ಹೊರಬಂದದ್ದು ಎರಡರ ಸರಿಯಾದ ಲೆಕ್ಕ. ಬೆಳಗ್ಗೆ ರೋಗಿಯ ಕಡೆಯವರು ಚೀಲವನ್ನು ಬಚ್ಚಲಲ್ಲಿ ಖಾಲಿ ಮಾಡಿ ಬಂದಿರುತ್ತಾರೆ. ಎಷ್ಟಿತ್ತು ಎಂದು ಸಿಸ್ಟರ್ ಕೇಳಿದರೆ ಹೆಬ್ಬೆರಳು, ತೋರುಬೆರಳು ಅಗಲಿಸಿ ‘ಇಷ್ಟು’ ಎನ್ನುತ್ತಾರೆ. ಆ ‘ಇಷ್ಟು’ ಚಾರ್ಟಿನಲ್ಲಿ ಎಷ್ಟೆಂದು ಬರೆಯುವುದು? ಕದ್ದು ಕುಡಿಸುವ ಎಳನೀರಿನ ಕಥೆಯೂ ಇದೇ. ಅದರಲ್ಲಿ ಪೊಟ್ಯಾಸಿಯಂ ಬೇರೆ ಹೆಚ್ಚು. ಮೂತ್ರಪಿಂಡ ಸೋತಿರುವವರಿಗೆ ಅಪಾಯ.

ನಿಮ್ಮ ತಾಯಿಯ ಊತ ಈ ವೇಳೆಗೆ ಇಳಿಯುತ್ತಿರಬೇಕು. ಸಾಮಾನ್ಯವಾಗಿ ಎರಡು ಮೂರು ದಿನಗಳ ನಂತರ ಹಿಡಿದಿಟ್ಟ ನೀರು ಮೂತ್ರವಾಗಿ ಹೊರಹೋಗತೊಡಗುತ್ತದೆ. ದಿನವೂ ಬೆಳಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ತೂಕ ಏರುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ಎದ್ದಾಗ ತಲೆಸುತ್ತಿದರೆ ಅಥವಾ ಮೂತ್ರ ಕಡಿಮೆಯಾದರೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ಮುಂದಿನ ವಾರ ಬೆಳಗ್ಗೆ 11ಕ್ಕೆ ನನಗೆ ಹರ್ನಿಯಾ ಆಪರೇಷನ್. ಹಿಂದಿನ ರಾತ್ರಿ 10ರಿಂದ ನೀರೂ ಕುಡಿಯಬಾರದೇ?
– ಓದುಗರೊಬ್ಬರು, ಗದಗ

ಉತ್ತರ: ಅಷ್ಟು ಹೊತ್ತು ಬಾಯಿ ಒಣಗಿಸಿಕೊಳ್ಳಬೇಕಾಗಿಲ್ಲ. ಆರೋಗ್ಯವಂತರು ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ನೀರು ಕುಡಿಯಬಹುದು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೂ ಲಘು ತಿಂಡಿಗೂ ಆರು ಗಂಟೆಯ ಅಂತರ ಬೇಕು. ಮಧುಮೇಹದಿಂದ ಹೊಟ್ಟೆ ತಡವಾಗಿ ಖಾಲಿಯಾಗುವವರಿಗೆ ನಿಯಮ ಬೇರೆ. ಅರಿವಳಿಕೆ ವೈದ್ಯರನ್ನು ಮೊದಲೇ ಕಂಡು, ನಿಮ್ಮ ಮಟ್ಟಿಗೆ ಎಷ್ಟು ಗಂಟೆ, ಬೆಳಗಿನ ಯಾವ ಮಾತ್ರೆಯನ್ನು ಗುಟುಕು ನೀರಿನಲ್ಲಿ ನುಂಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.