ಪೆಡಲ್ ತುಳಿದು ಊಟ ಸಂಪಾದಿಸಬೇಕಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಮೂವತ್ತೈದರ ಆಸುಪಾಸಿನ ಮಹಿಳೆ. ಸೈಕ್ಲಿಂಗ್ ಗುಂಪೊಂದರ ಸದಸ್ಯೆ. ನನ್ನ ಬಳಿ ಬಂದಾಗ ತೂಕ 71 ಕೆಜಿ, ಅದನ್ನು 62ಕ್ಕೆ ಇಳಿಸಲೇಬೇಕೆಂಬ ಹಟ. ವಾರಕ್ಕೆ ಐದು ದಿನ ಒಂದೂವರೆ ಗಂಟೆ ಸೈಕಲ್, ಪ್ರತಿ ಸಲವೂ ಏದುಸಿರು ಬರುವಷ್ಟು ಜೋರಾಗಿ. ಒಂದು ಸವಾರಿಗೆ 900 ಕ್ಯಾಲೊರಿ ಖರ್ಚಾಯಿತು ಎಂದು ಕೈಗಡಿಯಾರ ತೋರಿಸುತ್ತಿತ್ತು. ಅವರು ದಿನಕ್ಕೆ ತಿನ್ನುತ್ತಿದ್ದುದು 1,300. ಮೊದಮೊದಲು ನಾಲ್ಕು ಕೆಜಿ ಇಳಿಯಿತು. ಆಮೇಲೆ ಮುಳ್ಳು ಅಲ್ಲಾಡಲಿಲ್ಲ.

ಆದರೆ ನನ್ನ ಹತ್ತಿರ ಬಂದಿದ್ದು ತೂಕದ ವಿಷಯಕ್ಕಲ್ಲ. "ಮೇಡಂ, ರಾತ್ರಿ ಹತ್ತಾದ ಮೇಲೆ ನನ್ನ ಕೈ ನನ್ನ ಮಾತು ಕೇಳಲ್ಲ" ಅಂದರು. ಅಡುಗೆಮನೆಯಲ್ಲಿ ನಿಂತೇ ಸಿಕ್ಕಿದ್ದೆಲ್ಲ ತಿನ್ನುವುದು, ಆಮೇಲೆ ಅಳುವುದು. ಮರುದಿನ ತಿಂಡಿ ಬಿಟ್ಟು ಇನ್ನಷ್ಟು ಜೋರಾಗಿ ತುಳಿಯುವುದು. ಮನೆಯವರ ಮೇಲೆ ರೇಗಾಟ, ನಿದ್ದೆಯಿಲ್ಲ. "ನನಗೆ ಮನಸ್ಸು ಗಟ್ಟಿ ಇಲ್ಲ" ಎಂದು ತೀರ್ಪೂ ಕೊಟ್ಟುಕೊಂಡಿದ್ದರು.

ಇಂಥವರಿಗೆ ನಾನು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ. "ಮುಟ್ಟು ಸರಿಯಾಗಿ ಆಗ್ತಿದೆಯಾ?"

"ಮೂರು ತಿಂಗಳಿಂದ ಇಲ್ಲ. ಜಾಸ್ತಿ ವ್ಯಾಯಾಮ ಮಾಡೋರಿಗೆ ಹಾಗೇ ಅಲ್ವಾ?"

ಅಲ್ಲ. ಹಾಗೆ ಅಂದುಕೊಂಡು ಸುಮ್ಮನಿರುವವರು ಎಷ್ಟೋ ಜನ, ಅದೇ ನನಗೆ ಸಂಕಟ. ಮೊದಲು ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಬೇರೆ ಕಾರಣಗಳಿಲ್ಲ ಎಂದು ಅವರು ಪರೀಕ್ಷೆ ಮಾಡಿ ಖಚಿತಪಡಿಸಿದರು. ಜೊತೆಗೆ ಒಬ್ಬ ಆಹಾರತಜ್ಞರನ್ನೂ ಸೇರಿಸಿಕೊಂಡೆವು. ಮನಸ್ಸಿನ ಮಾತು ನನ್ನ ಪಾಲಿಗೆ, ತಟ್ಟೆಯ ಲೆಕ್ಕ ಅವರ ಪಾಲಿಗೆ.

ಆ ಲೆಕ್ಕವೇ ಈ ಪ್ರಕರಣದ ಗಂಟು ಬಿಚ್ಚಿತು. ಗಡಿಯಾರ ಹೃದಯ ಬಡಿತ ನೋಡಿ ಖರ್ಚನ್ನು ಅಂದಾಜು ಮಾಡುತ್ತದೆ. ಬಿಸಿಲು, ನಿದ್ದೆಗೆಡುವುದು, ಕಾಫಿ, ಆತಂಕ, ಎಲ್ಲವೂ ಬಡಿತವನ್ನು ಏರಿಸುತ್ತವೆ. ಸುಮ್ನೆ ಕೂತಿದ್ದರೂ ಖರ್ಚಾಗುವ ಕ್ಯಾಲೊರಿಯನ್ನು ಕೆಲವು ಆ್ಯಪ್‌ಗಳು ಸವಾರಿಯ ಲೆಕ್ಕಕ್ಕೇ ಸೇರಿಸುತ್ತವೆ. ಪವರ್ ಮೀಟರ್ ಇದಕ್ಕಿಂತ ನಂಬಬಹುದಾದ ಅಳತೆ. ಅದು ಪೆಡಲ್ ಮೇಲೆ ಬಿದ್ದ ಕೆಲಸವನ್ನೇ ಕಿಲೋಜೂಲ್‌ನಲ್ಲಿ ಅಳೆಯುತ್ತದೆ. ನಮ್ಮ ದೇಹ ಖರ್ಚು ಮಾಡಿದ ಶಕ್ತಿಯಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಮಾತ್ರ ಪೆಡಲ್‌ಗೆ ಹೋಗುತ್ತದೆ, ಉಳಿದಿದ್ದು ಶಾಖ. ಆಹಾರದ ಲೆಕ್ಕದ ಒಂದು ಕ್ಯಾಲೊರಿ (ಕಿಲೋಕ್ಯಾಲೊರಿ) ಅಂದರೆ 4.18 ಕಿಲೋಜೂಲ್. ಈ ನಾಲ್ಕೂ ಆ ನಾಲ್ಕನೇ ಒಂದೂ ಒಂದನ್ನೊಂದು ಸರಿದೂಗಿಸುವುದರಿಂದ ಮೀಟರ್ ತೋರಿಸುವ ಕಿಲೋಜೂಲ್ ಸಂಖ್ಯೆಯೇ ದೇಹ ಖರ್ಚು ಮಾಡಿದ ಕ್ಯಾಲೊರಿಗೆ ಹತ್ತಿರ ಬರುತ್ತದೆ.

ಗೆಳತಿಯ ಪವರ್ ಮೀಟರ್ ತಂದು ನೋಡಿದರು. ಸರಾಸರಿ 110 ವಾಟ್, ಒಂದೂವರೆ ಗಂಟೆ. ಸುಮಾರು 600 ಕಿಲೋಜೂಲ್, ಅಂದರೆ 900 ಅಲ್ಲ, 600 ಕ್ಯಾಲೊರಿಯಷ್ಟೇ. ಅವರ ಮುಖ ಬಾಡಿತು. "ಹಾಗಾದ್ರೆ ನಾನು ಇನ್ನೂ ಕಮ್ಮಿ ತಿನ್ನಬೇಕು!"

ನನಗೆ ಕಾಯಿಲೆ ಕಂಡಿದ್ದು ಈ ಮಾತಿನಲ್ಲೇ. ಆಹಾರತಜ್ಞರು ಹಾಳೆ ಮೇಲೆ ಬರೆದು ತೋರಿಸಿದರು. 1,300ರಲ್ಲಿ 600 ಸೈಕಲ್‌ಗೆ ಹೋದರೆ ಉಳಿದಿದ್ದು 700. ಹೃದಯ, ಮೆದುಳು, ಮೂಳೆ, ಹಾರ್ಮೋನು ಎಲ್ಲಕ್ಕೂ ಅಷ್ಟೇ. ಅವರ ದೇಹದಲ್ಲಿ ಕೊಬ್ಬು ಬಿಟ್ಟು ಉಳಿದ ತೂಕ ಸುಮಾರು 50 ಕೆಜಿ. ಅದರ ಪ್ರತಿ ಕೆಜಿಗೆ 14 ಕ್ಯಾಲೊರಿ ಸಿಕ್ಕಂತಾಯಿತು. ಇದು 30ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ದೇಹ ತುರ್ತಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸತೊಡಗುತ್ತದೆ ಎಂದು ಕ್ರೀಡಾವೈದ್ಯರು ಎಣಿಸುತ್ತಾರೆ. ಮುಟ್ಟು ನಿಂತಿದ್ದು ಅದಕ್ಕೇ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ 'ರೆಡ್-ಎಸ್' (ಕ್ರೀಡೆಯಲ್ಲಿ ದೇಹಕ್ಕೆ ಎದುರಾಗುವ ಶಕ್ತಿಯ ಕೊರತೆ) ಎಂದು ಹೆಸರಿಟ್ಟರು. ಗಂಡಸರಿಗೂ ಬರುತ್ತದೆ. ಮೂಳೆ ಸವೆಯುತ್ತದೆ, ಮನಸ್ಸು ಕುಗ್ಗುತ್ತದೆ.

ಅಂದರೆ ರಾತ್ರಿ ಹತ್ತರ ಮೇಲೆ ಕೈ ಮಾತು ಕೇಳದಿದ್ದುದು ಮನೋಬಲದ ಕೊರತೆಯಿಂದಲ್ಲ. ಅದು ಹಸಿವು. ಇದನ್ನು ಕೇಳಿ ಅವರು ತುಂಬ ಹೊತ್ತು ಅತ್ತರು. ನಾನು ತಡೆಯಲಿಲ್ಲ.

ಸಲಹೆ ಹೀಗಿತ್ತು. ಸವಾರಿಯ ದಿನ 2,100ಕ್ಕಿಂತ ಕಡಿಮೆ ಬೇಡ. ತಿಂಡಿ ಬಿಡುವುದು ಬೇಡವೇ ಬೇಡ, ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ. ತಿಂದಿದ್ದಕ್ಕೆ ದಂಡ ಕಟ್ಟುವಂತೆ ಸೈಕಲ್ ಹತ್ತುವುದೂ ಬೇಡ, ಅವತ್ತಿನ ಯೋಜನೆ ಏನಿದೆಯೋ ಅಷ್ಟೇ. ಗಡಿಯಾರದಿಂದ ಆಹಾರದ ಆ್ಯಪ್‌ಗೆ ಕ್ಯಾಲೊರಿ ಹೋಗುವ ಸಂಪರ್ಕ ಕಡಿದು ಹಾಕಿದೆವು. ಒಂದು ಕಡೆ 'ದುಡಿದಿದ್ದು', ಇನ್ನೊಂದು ಕಡೆ 'ತಿಂದಿದ್ದು' ಎಂದು ತೋರಿಸುವ ಪರದೆ ಇಂಥವರ ಕೈಯಲ್ಲಿ ಇರಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಂಖ್ಯೆಯ ಬದಲು ಹಸಿವು, ನಿದ್ದೆ, ಮನಸ್ಸು ಹೇಗಿತ್ತು ಎಂದು ಬರೆಯಲು ಹೇಳಿದೆ. ತೂಕದ ಯಂತ್ರ ಆರು ವಾರ ಅಟ್ಟಕ್ಕೆ ಹೋಯಿತು.

ಜೋರಿನ ವಿಷಯಕ್ಕೂ ಬರಬೇಕಾಯಿತು. ನಿಧಾನವಾಗಿ ತುಳಿದರೆ ಕೊಬ್ಬು ಕರಗುತ್ತದೆ ಎಂದು ಗುಂಪಿನಲ್ಲಿ ಯಾರೋ ಹೇಳಿದ್ದರಂತೆ. ನಿಧಾನದಲ್ಲಿ ಕೊಬ್ಬಿನ ಪಾಲು ಹೆಚ್ಚು, ನಿಜ. ಆದರೆ ತೂಕ ಇಳಿಯುವುದು ದಿನವಾರಗಳ ಒಟ್ಟು ಲೆಕ್ಕದಿಂದ. ನಿಧಾನದ ಸವಾರಿಯ ಲಾಭ ಬೇರೆಯೇ. ದೇಹ ಬೇಗ ಸುಧಾರಿಸಿಕೊಳ್ಳುತ್ತದೆ, ನಾಳೆಯೂ ತುಳಿಯಲು ಆಗುತ್ತದೆ. ವಾರದಲ್ಲಿ ಒಂದು ದಿನ ಮಾತ್ರ ಜೋರು: ನಾಲ್ಕು ನಿಮಿಷ ಕಷ್ಟ, ಮೂರು ನಿಮಿಷ ಆರಾಮ, ಹೀಗೆ ನಾಲ್ಕು ಸಲ. ಇನ್ನೆರಡು ದಿನ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ವೇಗ. ಸವಾರಿ ಒಂದೂವರೆ ಗಂಟೆ ದಾಟಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ದಾರಿಯಲ್ಲೇ ತಿನ್ನಬೇಕು.

ಆರು ವಾರ ಕಳೆದು ತೂಕದ ಯಂತ್ರ ಅಟ್ಟದಿಂದ ಕೆಳಗಿಳಿದಾಗ ತೂಕ ಒಂದೂವರೆ ಕೆಜಿ ಜಾಸ್ತಿ. ಗಾಬರಿಯಾಗಿ ಫೋನ್ ಮಾಡಿದರು. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಸ್ನಾಯುಗಳು ಕೂಡಿಟ್ಟುಕೊಳ್ಳುವ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಹಾಗಲ್ಲ, ಒಂದು ಗ್ರಾಂ ಜೊತೆಗೆ ಮೂರು ಗ್ರಾಂನಷ್ಟು ನೀರನ್ನೂ ಹಿಡಿದಿಡುತ್ತದೆ. ಖಾಲಿ ಉಗ್ರಾಣ ತುಂಬಿದಾಗ ತೂಕ ಏರಲೇಬೇಕು, ಏರಿದ್ದೆಲ್ಲ ಕೊಬ್ಬಲ್ಲ. ಅದನ್ನು ಅವರು ಒಪ್ಪಿಕೊಳ್ಳಲು ವಾರಗಳೇ ಹಿಡಿದವು.

ಈ ನಡುವೆ ಕೇಳಿದೆ, "62 ಎಲ್ಲಿಂದ ಬಂತು?" ಗುಂಪಿನಲ್ಲಿ ಏರು ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗುವ ಹುಡುಗಿಯ ತೂಕವಂತೆ. ಆ ಹುಡುಗಿಯ ಎತ್ತರ ಎಷ್ಟು ಎಂದು ಇವರಿಗೆ ಗೊತ್ತಿರಲಿಲ್ಲ.

ಮುಟ್ಟು ಐದನೇ ತಿಂಗಳಿಗೆ ಮರಳಿತು. ರಾತ್ರಿಯ ತಿನ್ನಾಟ ಅದಕ್ಕೂ ಮೊದಲೇ ತಗ್ಗಿತ್ತು. ಮುಟ್ಟು ಕೆಲವು ತಿಂಗಳು ಕ್ರಮವಾಗಿ ಬಂದ ಮೇಲಷ್ಟೇ ಆಹಾರತಜ್ಞರು ತೂಕದ ಮಾತೆತ್ತಿದರು. ಸವಾರಿ ಇಲ್ಲದ ದಿನ ಮಾತ್ರ 300 ಕ್ಯಾಲೊರಿ ಕಡಿಮೆ, ಜೋರಿನ ದಿನ ಒಂದಿಷ್ಟೂ ಕಡಿಮೆ ಇಲ್ಲ. ಈಗ 69 ಕೆಜಿ. ಇಳಿಯುತ್ತಿರುವುದು ಬಹಳ ನಿಧಾನ. ಗಡಿಯಾರ ನೋಡುವ ಚಡಪಡಿಕೆ ಪೂರ್ತಿ ಹೋಗಿಲ್ಲ. ದೂರದ ಸವಾರಿಯೊಂದು ಹತ್ತಿರ ಬರುತ್ತಿದೆ, ಮತ್ತೆ ಕ್ಯಾಲೊರಿ ಬರೆದಿಡಲೇ ಎಂದು ಕೇಳಿದ್ದಾರೆ. ಆ ದಿನ ದಾರಿಯಲ್ಲಿ ಏನೇನು ತಿನ್ನಬೇಕು ಎಂಬ ಪಟ್ಟಿ ಬರೆಯಿರಿ, ತಿಂದಿದ್ದನ್ನು ಕೂಡಿಸಬೇಡಿ ಎಂದು ಹೇಳಿದ್ದೇನೆ.