60 ಸಾವಿರ ಜನ ಇದ್ದರೂ ನ್ಯೂ ಮೆಕ್ಸಿಕೊ ಯಾಕೆ ಕಾಯಬೇಕಾಯ್ತು?

ಅಮೆರಿಕದಲ್ಲಿ 60 ಸಾವಿರ ಜನ ಆದ ತಕ್ಷಣ ಟೆರಿಟರಿ (ಇನ್ನೂ ರಾಜ್ಯ ಆಗದೆ ಕೇಂದ್ರ ಸರ್ಕಾರದ ಕೈಕೆಳಗಿದ್ದ ಪ್ರದೇಶ) ತಾನಾಗಿಯೇ ರಾಜ್ಯ ಆಗುತ್ತಿತ್ತಾ ಅಂತ ಕೇಳಿದ್ದೀರಿ. ಇಲ್ಲ. ಆ ಸಂಖ್ಯೆ ಬಂದದ್ದು 1787ರ ನಾರ್ತ್‌ವೆಸ್ಟ್ ಆರ್ಡಿನೆನ್ಸ್‌ನಿಂದ, ಅದು ಓಹಾಯೊ ನದಿಯ ಉತ್ತರದ ಪ್ರದೇಶಕ್ಕೆ ಮಾಡಿದ ಕಾನೂನು. ಮೊದಲು ಕಾಂಗ್ರೆಸ್ (ಅಮೆರಿಕದ ಸಂಸತ್ತು) ನೇಮಿಸಿದ ಗವರ್ನರ್, ಒಬ್ಬ ಕಾರ್ಯದರ್ಶಿ, ಮೂವರು ನ್ಯಾಯಾಧೀಶರು, ಅಷ್ಟೇ ಆಡಳಿತ. ವಯಸ್ಕ ಸ್ವತಂತ್ರ ಗಂಡಸರು 5,000 ಆದರೆ ಚುನಾಯಿತ ಶಾಸನಸಭೆ. ಕಾಂಗ್ರೆಸ್‌ಗೆ ಒಬ್ಬ ಪ್ರತಿನಿಧಿಯನ್ನೂ ಕಳಿಸಬಹುದಿತ್ತು, ಆದರೆ ಅವನಿಗೆ ಮತ ಹಾಕುವ ಹಕ್ಕಿರಲಿಲ್ಲ. ಸ್ವತಂತ್ರ ಜನ ಒಟ್ಟು 60 ಸಾವಿರ ಮುಟ್ಟಿದರೆ ರಾಜ್ಯ. ಅದಕ್ಕಿಂತ ಕಡಿಮೆ ಇದ್ದರೂ ಸೇರಿಸಿಕೊಳ್ಳಲು ದಾರಿ ಇತ್ತು, ಓಹಾಯೊ 1803ರಲ್ಲಿ ಹಾಗೇ ಸೇರಿತು.

ಮುಂದೆ ಬೇರೆ ಟೆರಿಟರಿಗಳ ವಿಷಯದಲ್ಲಿ ಎಲ್ಲವೂ ಕಾಂಗ್ರೆಸ್ಸಿನ ಮರ್ಜಿ. ನೆವಾಡಾದಲ್ಲಿ ಅಷ್ಟು ಜನ ಇರಲೇ ಇಲ್ಲ, ಆದರೂ 1864ರಲ್ಲಿ ಅಂತರ್ಯುದ್ಧದ ನಡುವೆ ಅಧ್ಯಕ್ಷ ಲಿಂಕನ್ ಅವರ ಮರುಚುನಾವಣೆಗೆ ಸ್ವಲ್ಪ ಮುಂಚೆ ಅದನ್ನು ರಾಜ್ಯ ಮಾಡಿದರು, ಅದರ ಸಂವಿಧಾನವನ್ನು ಪೂರ್ತಿಯಾಗಿ ಟೆಲಿಗ್ರಾಫ್‌ನಲ್ಲೇ ವಾಷಿಂಗ್ಟನ್‌ಗೆ ಕಳಿಸಿದ್ದರು! ನ್ಯೂ ಮೆಕ್ಸಿಕೊ ಮಾತ್ರ 1850ರಲ್ಲಿ ಟೆರಿಟರಿಯಾಗಿ 1912ರವರೆಗೆ ಕಾಯಿತು. ಅಲ್ಲಿನ ಜನ ಜಾಸ್ತಿ ಸ್ಪ್ಯಾನಿಷ್ ಮಾತಾಡುವ ಕ್ಯಾಥೊಲಿಕರು, ಅವರನ್ನು ಪೂರ್ತಿ ಅಮೆರಿಕನ್ನರೆಂದು ಒಪ್ಪಲು ಕಾಂಗ್ರೆಸ್ಸಿನಲ್ಲಿ ಬಹಳ ಮಂದಿಗೆ ಮನಸ್ಸಿರಲಿಲ್ಲ. ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ.

ಇನ್ನೊಂದು ವಿಷಯ, ಇದೆಲ್ಲ ಖಾಲಿ ನೆಲ ಆಗಿರಲಿಲ್ಲ. ಶಾನಿ, ಮಯಾಮಿ ಮುಂತಾದ ಮೂಲನಿವಾಸಿಗಳ ಒಪ್ಪಿಗೆ ಇಲ್ಲದೆ ಅವರ ಭೂಮಿ ತೆಗೆದುಕೊಳ್ಳಬಾರದು ಅಂತ ಅದೇ ಆರ್ಡಿನೆನ್ಸ್‌ನಲ್ಲೂ ಬರೆದಿತ್ತು. ಕೆಲವೇ ವರ್ಷಗಳಲ್ಲಿ ಅವರ ಮೇಲೆ ಯುದ್ಧವೇ ನಡೆಯಿತು, 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಓಹಾಯೊದ ಬಹುಪಾಲು ನೆಲ ಅವರ ಕೈತಪ್ಪಿತು.