ಹೀಟ್ ಪಂಪ್ ಗೀಸರ್‌ನಲ್ಲಿ ಕಾಯಿಲ್ ಏಕೆ?

ರಾಯಚೂರಿನ ಮನೆಗೆ ಹಾಕಿಸಿದ ಹೀಟ್ ಪಂಪ್ ಗೀಸರ್‌ನೊಳಗೆ ಮಾಮೂಲಿ ಕಾಯಿಲ್ ಕೂಡ ಏಕಿದೆ ಎಂದು ಕೇಳಿದ್ದೀರಿ. ಅದು ಆಪತ್ತಿಗೆ ಇಟ್ಟ ನೆರವು. ಪಂಪ್ ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸಾಗಿಸುತ್ತದೆ. 1 ಯೂನಿಟ್ ವಿದ್ಯುತ್ತಿಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ. ಕಾಯಿಲ್ ಕೊಡುವುದು 1ಕ್ಕೆ 1 ಮಾತ್ರ. ಗಾಳಿ ತಣ್ಣಗಾದಷ್ಟೂ ಪಂಪಿನ ಕಸುವು ಕುಗ್ಗುವುದರಿಂದ, ಹಿಮ ಬೀಳುವ ದೇಶಗಳಲ್ಲಿ ಇಂಥ ನೆರವು ಬೇಕೇ ಬೇಕು. ನಮ್ಮದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಡಿಸೆಂಬರ್ ನಸುಕಿನಲ್ಲೂ ಪಂಪ್ ಸಲೀಸಾಗಿ ದುಡಿಯುತ್ತದೆ. ಹಬ್ಬಕ್ಕೆ ನೆಂಟರು ತುಂಬಿ, ನೀರು ಬೇಗ ಕಾಯಬೇಕಾದಾಗಷ್ಟೇ ಕಾಯಿಲ್ ಹಾಕಿ. ದಯವಿಟ್ಟು ಸೆಟ್ಟಿಂಗ್ ಒಮ್ಮೆ ನೋಡಿ. ಕಾಯಿಲ್ ದಿನವೂ ಉರಿಯುತ್ತಿದ್ದರೆ ಉಳಿತಾಯವೆಲ್ಲ ನೀರಿನಲ್ಲಿ ಹೋಮ. ಬೋರ್‌ವೆಲ್‌ನ ಗಡಸು ನೀರಾದರೆ ಕಾಯಿಲ್ ಮೇಲೆ ಬಿಳಿ ಸುಣ್ಣದ ಪೊರೆ ಕಟ್ಟುತ್ತದೆ, ಆಗಾಗ ತೆಗೆಸಿ.